ಕೋಚ್ ನಮ್ಮವರಾದರು, ಗೋಲು ಹೊಡೆಯುವವರು ಯಾರು?

2025ರ ಆಗಸ್ಟ್ 1ರಂದು ಖಾಲಿದ್ ಜಮೀಲ್ ಭಾರತ ಪುರುಷರ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಆದರು. ಬೆಳಗಾವಿಯ ಫುಟ್‌ಬಾಲ್ ಮಂದಿಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಇಲ್ಲಿಂದ ಸುಮಾರು 500 ಕಿಲೋಮೀಟರ್. ಖಾನಾಪುರ, ಲೋಂಡಾ ದಾಟಿ ಅನಮೋಡ ಘಟ್ಟ ಇಳಿದರೆ ಗೋವಾದ ಮಡಗಾಂವದ ಫಾತೋರ್ಡಾ ಕ್ರೀಡಾಂಗಣ ಬಂದೇಬಿಡುತ್ತದೆ. ಹೀಗಾಗಿ ಈ ಶಹರದ ಫುಟ್‌ಬಾಲ್ ಅರ್ಧ ಕರ್ನಾಟಕದ್ದು, ಅರ್ಧ ಗೋವಾದ್ದು. ಟಿಳಕವಾಡಿಯ ಲೇಲೆ ಮೈದಾನದಲ್ಲಿ ಸಂಜೆ ಆಡುವ ಹುಡುಗರನ್ನು ನೋಡಿ: ಮೆಸ್ಸಿ, ರೊನಾಲ್ಡೊ ಹೆಸರಿನ ಅಂಗಿಗಳ ನಡುವೆ ಎಫ್‌ಸಿ ಗೋವಾದ ಕಿತ್ತಳೆ ಬಣ್ಣ, ಬೆಂಗಳೂರು ಎಫ್‌ಸಿಯ ನೀಲಿ ಎರಡೂ ಕಾಣುತ್ತವೆ.

ಜಮೀಲ್ ಬಂದ ದಿನ ಇಲ್ಲಿ ಎರಡು ಮಾತು ಕೇಳಿಬಂದವು. ಒಂದು, "ಇನ್ನಾರ ನಮ್ಮವ ಬಂದ್ನಲ್ಲ" ಎಂಬ ಸಮಾಧಾನ. ಇನ್ನೊಂದು, "ರೊಕ್ಕ ಇಲ್ಲಂತ ನಮ್ಮವ ನೆನಪಾದ" ಎಂಬ ಕುಹಕ. ಎರಡರಲ್ಲೂ ಹುರುಳಿದೆ. ಆದರೆ ಕೋಚ್ ಎಲ್ಲಿಯವನು, ಎಷ್ಟಕ್ಕೆ ಬಂದ ಎಂಬುದರಲ್ಲೇ ಎರಡೂ ನಿಂತುಬಿಡುತ್ತವೆ. ಭಾರತ ತಂಡದ ರೋಗ ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದಕ್ಕಿಂತ ಬಹಳ ಕೆಳಗಿದೆ ಎನ್ನುವುದು ನನ್ನ ವಾದ. ಅದನ್ನು ತೋರಿಸಲು ಬೆಳಗಾವಿಯವರಿಗೆ ಚೆನ್ನಾಗಿ ಗೊತ್ತಿರುವ ಒಂದು ಪಂದ್ಯವೇ ಸಾಕು. ಅದಕ್ಕೆ ಮುಂಚೆ ಸಮಾಧಾನಪಟ್ಟವರ ಕಡೆಯ ಮಾತು.

ಜಮೀಲ್ ಹುಟ್ಟಿದ್ದು ಕುವೈತ್‌ನಲ್ಲಿ, 1977ರಲ್ಲಿ. ಆಡಿದ್ದು ಹೆಚ್ಚಾಗಿ ಮುಂಬೈ ಕ್ಲಬ್‌ಗಳಿಗೆ. ಕೋಚ್ ಆಗಿ ಹೆಸರು ಮಾಡಿದ್ದು 2017ರಲ್ಲಿ, ಮಿಜೋರಾಂನ ಐಜಾಲ್ ಎಫ್‌ಸಿಗೆ ಐ-ಲೀಗ್ ಗೆದ್ದುಕೊಟ್ಟಾಗ. ಆ ಗೆಲುವಿನ ಹಿಂದೆ ಗೋವಾದ ಒಂದು ಕಥೆಯೂ ಇದೆ. ಹಿಂದಿನ ಸೀಸನ್ನಿನಲ್ಲಿ ಐಜಾಲ್ ಕೆಳಗಿನ ಡಿವಿಷನ್ನಿಗೆ ಬಿದ್ದಿತ್ತು. ಅಷ್ಟರಲ್ಲಿ ಗೋವಾದ ಹಳೆಯ ಕ್ಲಬ್‌ಗಳು ಲೀಗಿನ ಭವಿಷ್ಯದ ಬಗ್ಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮೇಲೆ ಮುನಿಸಿಕೊಂಡು ಹೊರನಡೆದವು. ಖಾಲಿಯಾದ ಜಾಗಕ್ಕೆ ಐಜಾಲ್‌ ಅನ್ನು ಮತ್ತೆ ಸೇರಿಸಿಕೊಂಡರು. ಹಾಗೆ ಉಳಿದ ತಂಡ ಮರುವರ್ಷ ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಬೆಂಗಳೂರು ಎಫ್‌ಸಿಯಂಥವರನ್ನು ಹಿಂದೆ ಹಾಕಿ ಚಾಂಪಿಯನ್ ಆಯಿತು. ಆಮೇಲೆ 2020-21ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು ಜಮೀಲ್ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಸೆಮಿಫೈನಲ್‌ಗೆ ಒಯ್ದರು, 2024-25ರಲ್ಲಿ ಜಮ್ಶೆಡ್‌ಪುರವನ್ನೂ ಒಯ್ದರು. ಇದ್ದ ಆಟಗಾರರಲ್ಲೇ ಕೆಲಸ ತೆಗೆಯುವ ಕೋಚ್ ಎಂಬ ಹೆಸರು ಅವರಿಗೆ ಪುಗಸಟ್ಟೆ ಬಂದದ್ದಲ್ಲ.

13 ವರ್ಷಗಳ ನಂತರ ಭಾರತೀಯನೊಬ್ಬ ಈ ಜಾಗಕ್ಕೆ ಬಂದಿದ್ದ. ಜಮೀಲ್‌ಗೆ ಮೊದಲು ಕೂತ ಕೊನೆಯ ಭಾರತೀಯರಿಬ್ಬರೂ ಗೋವಾದವರೇ: 2011ರಲ್ಲಿ ಕೆಲವೇ ತಿಂಗಳು ಆರ್ಮಾಂಡೊ ಕೊಲಾಸೊ, ಅವರ ಬೆನ್ನಿಗೆ ಸಾವಿಯೊ ಮೆಡೀರಾ. ಡೆಂಪೊ ಕ್ಲಬ್ಬನ್ನು 5 ಬಾರಿ ರಾಷ್ಟ್ರೀಯ ಚಾಂಪಿಯನ್ ಮಾಡಿದ ಕೊಲಾಸೊ ಅವರನ್ನು ಹಾಗೆ ಕಳಿಸಿದ್ದು ಇಲ್ಲಿನ ಹಿರಿಯ ಅಭಿಮಾನಿಗಳಿಗೆ ಇನ್ನೂ ನುಂಗಲಾರದ ತುತ್ತು. ಅಂಥವರು ಜಮೀಲ್ ನೇಮಕಕ್ಕೆ ಖುಷಿಪಟ್ಟರೆ ಅದರಲ್ಲಿ ಆ ಹಳೆಯ ಲೆಕ್ಕವೂ ಸೇರಿದೆ.

ಇನ್ನು ಕುಹಕದ ಮಾತು. ಈ ಕೆಲಸಕ್ಕೆ 170 ಅರ್ಜಿ ಬಂದಿದ್ದವು. ಮಾಜಿ ಆಟಗಾರ ಐ.ಎಂ. ವಿಜಯನ್ ಅಧ್ಯಕ್ಷತೆಯ ತಾಂತ್ರಿಕ ಸಮಿತಿ ಅವುಗಳಲ್ಲಿ ಮೂರನ್ನು ಆರಿಸಿತು: ಜಮೀಲ್, ಹಿಂದೆ ಎರಡು ಸಲ ಇದೇ ತಂಡಕ್ಕೆ ಕೋಚ್ ಆಗಿದ್ದ ಸ್ಟೀಫನ್ ಕಾನ್‌ಸ್ಟಂಟೈನ್, ಸ್ಲೊವಾಕಿಯಾದ ಸ್ಟೆಫಾನ್ ಟಾರ್ಕೊವಿಚ್. ಈ ನಡುವೆ ಬಾರ್ಸಿಲೋನಾದ ಚಾವಿಯೇ ಅರ್ಜಿ ಹಾಕಿದ್ದಾರೆ, ಆದರೆ ಅವರು ಕೇಳುವಷ್ಟು ಹಣ ಕೊಡಲು ಆಗುವುದಿಲ್ಲ ಎಂಬ ಸುದ್ದಿ ಒಂದು ದಿನ ಜೋರಾಗಿ ಓಡಿತು. ಮರುದಿನ ಫೆಡರೇಷನ್ನೇ ಹೇಳಿತು, ಚಾವಿ ಮತ್ತು ಪೆಪ್ ಗಾರ್ಡಿಯೋಲಾ ಹೆಸರಿನಲ್ಲಿ ಬಂದ ಇ-ಮೇಲ್‌ಗಳು ಅಸಲಿಯಲ್ಲ ಎಂದು. ನಕ್ಕು ಬಿಡಬಹುದಾದ ಪ್ರಸಂಗ. ಆದರೆ ಬಹಳ ಮಂದಿ ಅದನ್ನು ನಂಬಿದ್ದೇಕೆ? ಕೋಚ್‌ಗೆ ಕೊಡಲು ಹಣವಿಲ್ಲ ಎಂಬ ಭಾಗ ಎಲ್ಲರಿಗೂ ಖರೆ ಅನಿಸಿತ್ತು. ಒಂದು ವರ್ಷದ ಹಿಂದಷ್ಟೇ ಕ್ರೊಯೇಷಿಯಾದ ಕೋಚ್ ಇಗೊರ್ ಸ್ಟಿಮಾಕ್ ಅವರನ್ನು ತೆಗೆದುಹಾಕಿ, 4 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡ ಫೆಡರೇಷನ್ ಇದು.

ಈಗ ಆ ಪಂದ್ಯ. 2025ರ ಮೇ 3, ಭುವನೇಶ್ವರ, ದೇಶದ ಕ್ಲಬ್‌ಗಳ ಸೂಪರ್ ಕಪ್ ಫೈನಲ್. ಒಂದು ಕಡೆ ಎಫ್‌ಸಿ ಗೋವಾ, ಕೋಚ್ ಸ್ಪೇನಿನ ಮನೊಲೊ ಮಾರ್ಕೆಸ್. ಇನ್ನೊಂದು ಕಡೆ ಜಮ್ಶೆಡ್‌ಪುರ, ಕೋಚ್ ಖಾಲಿದ್ ಜಮೀಲ್. ಆಗ ಮನೊಲೊ ಗೋವಾ ಜೊತೆಗೆ ಭಾರತ ತಂಡವನ್ನೂ ನೋಡಿಕೊಳ್ಳುತ್ತಿದ್ದರು. ಗೋವಾ 3-0ಯಿಂದ ಗೆದ್ದಿತು. ಗೆದ್ದ ಕೋಚ್ ಎರಡು ತಿಂಗಳಲ್ಲಿ ಭಾರತ ತಂಡ ಬಿಟ್ಟು ಹೋದರು, ಸೋತ ಕೋಚ್ ಆ ಜಾಗಕ್ಕೆ ಬಂದರು. ಮನೊಲೊ ಮತ್ತೆ ಗೋವಾಕ್ಕೇ ಮರಳಿ, ಡಿಸೆಂಬರಿನಲ್ಲಿ ಇನ್ನೊಂದು ಸೂಪರ್ ಕಪ್ ಗೆದ್ದುಕೊಟ್ಟರು. ಬೆಳಗಾವಿಯ ಗೋವಾ ಅಭಿಮಾನಿ ತಲೆ ಕೆರೆದುಕೊಳ್ಳುವುದು ಇಲ್ಲಿಯೇ: ಕ್ಲಬ್ಬಿನಲ್ಲಿ ಇಷ್ಟು ಚಂದ ಆಡಿಸುವ ಮನುಷ್ಯ ದೇಶದ ತಂಡಕ್ಕೆ ಬಂದಾಗ ಏನಾಯಿತು?

ಆ ಮೂರು ಗೋಲು ಯಾರು ಹೊಡೆದರು ನೋಡಿ. ಎರಡು ಬೋರ್ಹಾ ಹೆರೆರಾ, ಒಂದು ಡೆಯಾನ್ ಡ್ರಾಜಿಚ್. ಒಬ್ಬರು ಸ್ಪೇನಿನವರು, ಇನ್ನೊಬ್ಬರು ಸರ್ಬಿಯಾದವರು. ಸೋತ ತಂಡದ ಲೆಕ್ಕವೂ ಬೇರೆಯಲ್ಲ. ಅದೇ ಸೀಸನ್ನಿನ ಐಎಸ್‌ಎಲ್ ಸೆಮಿಫೈನಲ್ ಮೊದಲ ಹಂತದಲ್ಲಿ ಜಮ್ಶೆಡ್‌ಪುರ ಮೋಹನ್ ಬಗಾನ್ ಮೇಲೆ 2-1ರಿಂದ ಗೆದ್ದಾಗ ಗೋಲು ಬಂದದ್ದು ಹಾವಿ ಸಿವೆರಿಯೊ ಮತ್ತು ಹಾವಿ ಹೆರ್ನಾಂಡೆಸ್ ಅವರಿಂದ, ಇಬ್ಬರೂ ಸ್ಪೇನಿನವರು. ಮೈದಾನದಲ್ಲಿ ಒಂದು ತಂಡದ 4 ಮಂದಿ ವಿದೇಶಿಯರು ಆಡಬಹುದು. ಕ್ಲಬ್‌ಗಳು ಆ ನಾಲ್ಕರಲ್ಲಿ ಒಂದನ್ನು ಗೋಲಿನ ಮುಂದೆ ನಿಲ್ಲುವ ಸ್ಟ್ರೈಕರ್‌ಗೆ ಇಟ್ಟುಬಿಡುತ್ತವೆ. ಅದು ತಪ್ಪು ಎನ್ನಲಾಗದು. ಗೋಲು ಹೊಡೆಯುವ ಕೆಲಸವೇ ತುಟ್ಟಿ, ಪಾಯಿಂಟ್ ಬೇಕಾದವರು ಅಲ್ಲಿಗೇ ರೊಕ್ಕ ಸುರಿಯುತ್ತಾರೆ. ಹೀಗಾಗಿ ನಮ್ಮ ಹುಡುಗರು ಆಡುವುದು ಅಂಚಿನಲ್ಲಿ, ಮಿಡ್‌ಫೀಲ್ಡಿನಲ್ಲಿ, ಡಿಫೆನ್ಸ್‌ನಲ್ಲಿ. 2024-25ರ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದದ್ದು ಮೊರಾಕ್ಕೊದ ಅಲಾಎದ್ದೀನ್ ಅಜಾರಾಯ್, 23. ಭಾರತೀಯರಲ್ಲಿ ಅತಿ ಹೆಚ್ಚು ಸುನಿಲ್ ಛೆಟ್ರಿ, 14. ಛೆಟ್ರಿಗೆ ಆಗ 40 ವರ್ಷ. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಣ್ಣೀರಿಟ್ಟು ದೇಶದ ತಂಡಕ್ಕೆ ವಿದಾಯ ಹೇಳಿದ್ದ ಅವರನ್ನು 2025ರ ಮಾರ್ಚ್‌ನಲ್ಲಿ ಮನೊಲೊ ವಾಪಸ್ ಕರೆಸಿಕೊಂಡದ್ದು ಇದಕ್ಕೇ.

ಮನೊಲೊ ಕೈಯಲ್ಲಿ ಭಾರತ 8 ಪಂದ್ಯ ಆಡಿತು. ಗೆದ್ದದ್ದು ಒಂದು, ಅದೂ ಮಾಲ್ದೀವ್ಸ್ ಮೇಲೆ. ಹೊಡೆದ ಗೋಲು 5. ಜಮೀಲ್ ಕೈಯಲ್ಲಿ 2025ರಲ್ಲಿ 7 ಪಂದ್ಯ ಆಡಿತು. 90 ನಿಮಿಷದೊಳಗೆ ಗೆದ್ದದ್ದು ಒಂದು, ತಜಿಕಿಸ್ತಾನದ ಮೇಲೆ. ಹೊಡೆದ ಗೋಲು 5. ಒಬ್ಬರು ಚೆಂಡು ಕಾಲಲ್ಲಿಟ್ಟುಕೊಂಡು ಪಾಸ್ ಮಾಡುತ್ತ ಆಡಿಸುವವರು, ಇನ್ನೊಬ್ಬರು ಹಿಂದೆ ಗಟ್ಟಿಯಾಗಿ ನಿಂತು ಸಿಕ್ಕ ಅವಕಾಶಕ್ಕೆ ಹೊಡೆಯುವವರು. ಒಬ್ಬರು ವಿದೇಶಿ, ಒಬ್ಬರು ಸ್ವದೇಶಿ. ಲೆಕ್ಕ ಮಾತ್ರ ಹೆಚ್ಚುಕಡಿಮೆ ಒಂದೇ. ಈ 10 ಗೋಲುಗಳಲ್ಲಿ ನಾಲ್ಕನ್ನು ಹೊಡೆದವರು ಡಿಫೆಂಡರ್‌ಗಳು: ರಾಹುಲ್ ಭೇಕೆ ಎರಡು, ಅನ್ವರ್ ಅಲಿ ಒಂದು, ಸಂದೇಶ್ ಝಿಂಗನ್ ಒಂದು.

ಜಮೀಲ್‌ಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆಗಸ್ಟ್ 29ರಂದು ಹಿಸೋರ್‌ನಲ್ಲಿ ತಜಿಕಿಸ್ತಾನದ ಎದುರು ಅವರ ಮೊದಲ ಪಂದ್ಯ. ಐದನೇ ನಿಮಿಷದಲ್ಲೇ ಉವೈಸ್ ಸೈಡ್‌ಲೈನಿನಿಂದ ಗೋಲಿನ ಬಾಯಿಗೇ ಉದ್ದಕ್ಕೆ ಥ್ರೋ ಎಸೆದರು, ಅನ್ವರ್ ತಲೆ ಕೊಟ್ಟರು, ಗೋಲು. ಹದಿಮೂರನೇ ನಿಮಿಷಕ್ಕೆ ಝಿಂಗನ್ ಇನ್ನೊಂದು ಸೇರಿಸಿದರು. ಆಮೇಲೆ ಪೂರ್ತಿ ಕಾಯುವ ಆಟ. ಎರಡನೇ ಅವಧಿಯಲ್ಲಿ ಗೋಲ್‌ಕೀಪರ್ ಗುರ್‌ಪ್ರೀತ್ ಒಂದು ಪೆನಾಲ್ಟಿಯನ್ನೂ ತಡೆದರು. 2-1. ತಜಿಕಿಸ್ತಾನವನ್ನು ಭಾರತ ಇದಕ್ಕೂ ಮುಂಚೆ ಸೋಲಿಸಿದ್ದು 2008ರಲ್ಲಿ, ಛೆಟ್ರಿಯ ಹ್ಯಾಟ್ರಿಕ್‌ನಿಂದ. ಸ್ಟ್ರೈಕರ್ ಇಲ್ಲದಿದ್ದರೆ ಥ್ರೋ-ಇನ್ನನ್ನೇ ಅಸ್ತ್ರ ಮಾಡಿಕೊಳ್ಳುವುದು ಬುದ್ಧಿವಂತಿಕೆ. "ಇದೇನ್ ಆಟ, ಬರೇ ಎಸಿಯೂದು" ಎಂದು ಮೂಗು ಮುರಿದವರ ಜೊತೆ ನನಗೆ ಸಹಮತವಿಲ್ಲ. ಸೆಪ್ಟೆಂಬರ್ 8ರಂದು ಒಮಾನ್ ವಿರುದ್ಧ 1-1 ಆದಮೇಲೆ ಪೆನಾಲ್ಟಿಗಳಲ್ಲಿ ಗೆದ್ದು, ಮಧ್ಯ ಏಷ್ಯಾ ಒಕ್ಕೂಟದ ಸಿಎಎಫ್‌ಎ ನೇಷನ್ಸ್ ಕಪ್‌ನಲ್ಲಿ ಮೂರನೇ ಸ್ಥಾನ ಪಡೆದಾಗ ಸಂಭ್ರಮ ತಾರಕಕ್ಕೇರಿತ್ತು. ಆಗ "ನಮ್ಮವ" ಎಂಬ ಮಾತಿಗೆ ಬಹಳ ಬೆಲೆ.

ಆ ಬೆಲೆ ಇಳಿಯಲು ಐದೇ ವಾರ ಸಾಕಾಯಿತು. ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಸಿಂಗಪುರದಲ್ಲಿ 1-1, ಅದೂ 90ನೇ ನಿಮಿಷದ ರಹೀಮ್ ಅಲಿ ಗೋಲಿನಿಂದ. ಅಕ್ಟೋಬರ್ 14ರಂದು ಫಾತೋರ್ಡಾದಲ್ಲಿ ಅದೇ ಸಿಂಗಪುರ. ಘಟ್ಟ ಇಳಿದು ನೋಡಬಹುದಾದ, ಗೆಲ್ಲಲೇಬೇಕಾದ ಪಂದ್ಯ. 14ನೇ ನಿಮಿಷದಲ್ಲಿ ಛಾಂಗ್ಟೆ ದೂರದಿಂದ ಹೊಡೆದ ಗೋಲಿನಿಂದ ಭಾರತ ಮುಂದಿತ್ತು. ವಿರಾಮಕ್ಕೆ ಒಂದು ನಿಮಿಷವಿದ್ದಾಗ ಸಾಂಗ್ ಉಯಿ-ಯಂಗ್ ಸಮ ಮಾಡಿದರು, ವಿರಾಮದ ನಂತರ ಅವರೇ ಇನ್ನೊಂದು ಹೊಡೆದರು. 1-2. 2027ರ ಸೌದಿ ಅರೇಬಿಯಾ ಏಷ್ಯಾ ಕಪ್‌ನ ಬಾಗಿಲು ಮುಚ್ಚಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಕೈಯಲ್ಲೂ 0-1, 2003ರ ನಂತರ ಅವರೆದುರು ಮೊದಲ ಸೋಲು. ಮಾತು ತಿರುಗಿತು: ಜಮೀಲ್ ರಕ್ಷಣೆ ಬಿಟ್ಟು ಬೇರೆ ಕಲಿಸುವುದಿಲ್ಲ, ದೊಡ್ಡ ಪಂದ್ಯಕ್ಕೆ ವಿದೇಶಿ ಕೋಚೇ ಬೇಕು ಎಂದು.

ಫಾತೋರ್ಡಾದ ಆ ಸೋಲಾಗಿ ಎಂಟು ದಿನಕ್ಕೆ ಅದೇ ಮೈದಾನಕ್ಕೆ ರೊನಾಲ್ಡೊ ಆಡುವ ಸೌದಿ ಕ್ಲಬ್ ಅಲ್ ನಸ್ರ್ ಬಂತು, ಎಫ್‌ಸಿ ಗೋವಾ ಮೇಲೆ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಪಂದ್ಯಕ್ಕೆ. ರೊನಾಲ್ಡೊ ಬರುತ್ತಾನೆಂಬ ಆಸೆಗೆ ಬೆಳಗಾವಿಯಲ್ಲಿ ಆ ಪಂದ್ಯದ ಟಿಕೆಟ್ಟಿನದೇ ಗದ್ದಲ. ರೊನಾಲ್ಡೊ ಬರಲಿಲ್ಲ. ಗೋವಾ 1-2ರಿಂದ ಸೋತಿತು, ಆದರೆ ಬ್ರಿಸನ್ ಫರ್ನಾಂಡಿಸ್ ಗೋಲಿಗೆ ಅಭಿಮಾನಿಗಳು ಈಗಲೂ ಹಿಗ್ಗುತ್ತಾರೆ. ಎರಡೂ ಪಂದ್ಯದ ಅಂಕಿ 1-2. ಒಂದರಲ್ಲಿ ಸೋತವರಿಗೆ ಬೈಗುಳ, ಇನ್ನೊಂದರಲ್ಲಿ ಸೋತವರಿಗೆ ಚಪ್ಪಾಳೆ. ಸಿಂಗಪುರ ಅಂದರೆ ಗೆಲ್ಲಬೇಕಾದ ತಂಡ ಎಂದು ನಾವು ಮೊದಲೇ ನಿಶ್ಚಯ ಮಾಡಿಕೊಂಡಿದ್ದೆವು. ಆ ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದು ಏಷ್ಯಾ ಕಪ್‌ಗೆ ಹೋದದ್ದು ಅದೇ ಸಿಂಗಪುರ.

ಸ್ವದೇಶಿ, ವಿದೇಶಿ ಜಗಳಕ್ಕೆ ಇತಿಹಾಸದಲ್ಲಿ ಎರಡೂ ಕಡೆ ಸಾಕ್ಷಿ ಸಿಗುತ್ತವೆ. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ, ಮೂರೂ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಕಾಲದವು. ಮೆಡೀರಾ 2011ರಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದು, ಮೂರೇ ತಿಂಗಳಲ್ಲಿ ಕಠ್ಮಂಡುವಿನ ಎಎಫ್‌ಸಿ ಚಾಲೆಂಜ್ ಕಪ್‌ನಲ್ಲಿ ಮೂರಕ್ಕೆ ಮೂರೂ ಪಂದ್ಯ ಸೋತರು. ಇತ್ತ 2015ರಲ್ಲಿ 173ಕ್ಕೆ ಕುಸಿದಿದ್ದ ಭಾರತದ ಫಿಫಾ ರ‍್ಯಾಂಕಿಂಗನ್ನು ಎರಡು ವರ್ಷದಲ್ಲಿ 96ಕ್ಕೆ ತಂದವರು ಇಂಗ್ಲಿಷ್ ಕೋಚ್ ಕಾನ್‌ಸ್ಟಂಟೈನ್. ಅವರೇ ಮತ್ತೆ ಬರಲಿ ಎಂದವರ ಬಳಿ ಈ ಅಂಕಿ ಇತ್ತು. ಸ್ಟಿಮಾಕ್ 2023ರ ಜುಲೈನಲ್ಲಿ ಕಂಠೀರವದಲ್ಲೇ ಸ್ಯಾಫ್ ಕಪ್ ಗೆದ್ದಾಗ ಎಲ್ಲರ ಕಣ್ಮಣಿ. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ ಸೋತಾಗ ಅದೇ ಮಂದಿಗೆ ಬೇಡವಾದರು. ಹೊರಗೂ ಇದೇ ವಾದವಿದೆ. ಇಂಗ್ಲೆಂಡಿಗೆ ಜರ್ಮನಿಯ ಥಾಮಸ್ ಟೂಕೆಲ್, ಬ್ರೆಜಿಲ್‌ಗೆ ಇಟಲಿಯ ಕಾರ್ಲೊ ಆಂಚೆಲೊಟ್ಟಿ ಬಂದಾಗ ಅಲ್ಲಿ ಕೆಲವರು ಮುಖ ಸಿಂಡರಿಸಿದರು. 2022ರವರೆಗೆ ವಿಶ್ವಕಪ್ ಗೆದ್ದ ಯಾವ ತಂಡಕ್ಕೂ ವಿದೇಶಿ ಕೋಚ್ ಇರಲಿಲ್ಲ ಎಂಬುದು ಅವರ ಆಧಾರ. ಆದರೆ ಆ ತಂಡಗಳಲ್ಲಿ ಗೋಲು ಹೊಡೆಯಲು ನಾಲ್ಕೈದು ಜನ ಸರತಿಯಲ್ಲಿರುತ್ತಾರೆ. ನಮ್ಮಲ್ಲಿ ಸರತಿಯೇ ಇಲ್ಲ.

ನಮ್ಮ ಹುಡುಗರು ಈಗ ಹೆಚ್ಚಾಗಿ ಎತ್ತುವ ಹೆಸರು ಕೆರಿಬಿಯನ್ ದ್ವೀಪ ಕುರಾಸಾವೊ. ಜನಸಂಖ್ಯೆ ಒಂದೂವರೆ ಲಕ್ಷದ ಆಚೀಚೆ, 2011ರ ಗಣತಿಯ ಬೆಳಗಾವಿ ಶಹರದ ಮೂರನೇ ಒಂದು ಪಾಲು. ಅದು 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಆಗ ಕೋಚ್ ಆಗಿದ್ದವರು ಡಚ್ಚರ ಡಿಕ್ ಅಡ್ವೊಕಾಟ್. ಇದನ್ನು ಹಿಡಿದು "ವಿದೇಶಿ ಕೋಚ್ ಬೇಕು" ಎನ್ನುವವರು ಆ ತಂಡದ ಆಟಗಾರರಲ್ಲಿ ಬಹುತೇಕರು ಹುಟ್ಟಿ ಬೆಳೆದದ್ದು ನೆದರ್‌ಲ್ಯಾಂಡ್ಸ್‌ನಲ್ಲಿ ಎಂಬುದನ್ನು ಬಿಟ್ಟುಬಿಡುತ್ತಾರೆ. ನಮಗೆ ಆ ದಾರಿ ಸಲೀಸಲ್ಲ. ಎರಡು ದೇಶದ ಪೌರತ್ವವನ್ನು ಭಾರತ ಒಪ್ಪುವುದಿಲ್ಲ, ಹೊರಗಿನ ಭಾರತ ಮೂಲದವರು ಅಲ್ಲಿಯ ಪಾಸ್‌ಪೋರ್ಟ್ ಬಿಟ್ಟೇ ಬರಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಬಂದರು. ಅವರಂತೆ ಬರುವವರು ಎಷ್ಟು ಮಂದಿ?

ಸಮಯದ ಕೊರತೆಯ ಬಗ್ಗೆ ಅಭಿಮಾನಿಗಳು ಕಡಿಮೆ ಮಾತಾಡುತ್ತಾರೆ, ಕೋಚ್‌ಗಳು ಅದನ್ನೇ ಮಾತಾಡುತ್ತಾರೆ. ಫಿಫಾ ಗೊತ್ತುಮಾಡಿದ ಅವಧಿಯಲ್ಲಿ ಮಾತ್ರ ಕ್ಲಬ್‌ಗಳು ಆಟಗಾರರನ್ನು ಬಿಡಲೇಬೇಕು. ಆ ಅವಧಿ ಸುಮಾರು ಹತ್ತು ದಿನ; ಪ್ರಯಾಣ, ಪಂದ್ಯ ಕಳೆದರೆ ಅಭ್ಯಾಸಕ್ಕೆ ಉಳಿಯುವುದು ನಾಲ್ಕಾರು ಸಂಜೆ. ಸಿಎಎಫ್‌ಎ ಕಪ್ ಶುರುವಾದದ್ದು ಆ ಅವಧಿಗೂ ಮುಂಚೆ, ಹೀಗಾಗಿ ಮೋಹನ್ ಬಗಾನ್ ತನ್ನವರನ್ನು ಕಳಿಸಲೇ ಇಲ್ಲ. ಕ್ಲಬ್ಬಿನಲ್ಲಿ ದಿನಾ ಮುಂಜಾನೆ ಆಟಗಾರರನ್ನು ತಿದ್ದಿ ಹೆಸರು ಮಾಡಿದ ಜಮೀಲ್‌ಗೆ ದೊಡ್ಡ ನಷ್ಟ ಇದೇ.

ಅದರ ಮೇಲೆ ಲೀಗೂ ಇರಲಿಲ್ಲ. ಫೆಡರೇಷನ್ ಮತ್ತು ಐಎಸ್‌ಎಲ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿ ನಡುವಿನ 15 ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು, ಹೊಸದು ಕುದುರಲಿಲ್ಲ. ಜುಲೈನಲ್ಲಿ ಲೀಗಿಗೆ ತಡೆ ಬಿತ್ತು. ಫೆಡರೇಷನ್ನಿಗೆ ವರ್ಷಕ್ಕೆ 50 ಕೋಟಿ ರೂಪಾಯಿ ಬರುತ್ತಿದ್ದದ್ದು ಆ ಒಪ್ಪಂದದಿಂದಲೇ. ಆಮೇಲೆ ಕರೆದ ಟೆಂಡರಿಗೆ ಒಬ್ಬರೂ ಮುಂದೆ ಬರಲಿಲ್ಲ. ಸೆಪ್ಟೆಂಬರಿನ ಸುಮಾರಿಗೆ ಶುರುವಾಗಬೇಕಾದ ಲೀಗ್ ಶುರುವಾದದ್ದು 2026ರ ಫೆಬ್ರವರಿ 14ಕ್ಕೆ, ಅದೂ ಒಬ್ಬರ ಮೇಲೊಬ್ಬರು ಒಂದೇ ಸಲ ಆಡುವಂತೆ ಮೊಟಕಾಗಿ. ಲೀಗ್ ಪಂದ್ಯಗಳೇ ಇಲ್ಲದ ಆಟಗಾರರನ್ನು ಒಯ್ದು ಸಿಂಗಪುರದ ಮೇಲೆ ಗೆಲ್ಲಲಿಲ್ಲ ಎಂದು ಜಮೀಲ್ ಅವರನ್ನು ಬೈಯುವುದು, ಬಿತ್ತದ ಹೊಲದಲ್ಲಿ ಪೈರು ಬರಲಿಲ್ಲ ಎಂದು ಒಕ್ಕಲಿಗನನ್ನು ಬೈದಂತೆ.

ಹಾಗಾದರೆ ಅಭಿಮಾನಿಗಳು ಕೋಚ್‌ನನ್ನೇ ಏಕೆ ಹಿಡಿದುಕೊಳ್ಳುತ್ತಾರೆ? ಅವರಿಗೆ ಬುದ್ಧಿಯಿಲ್ಲ ಅಂತಲ್ಲ. ಫೆಡರೇಷನ್ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ, ಟೆಂಡರಿನ ಕಾಗದ ಅವರ ಕೈಗೆ ಬರುವುದಿಲ್ಲ, ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದ ಫೆಡರೇಷನ್ ಸಂವಿಧಾನದ ವ್ಯಾಜ್ಯವನ್ನು ಹಿಡಿದು ಓದಲು ಯಾರಿಗೆ ತಾಳ್ಮೆ? ಕಣ್ಣಿಗೆ ಕಾಣುವ, ಬದಲಾಯಿಸಬಹುದಾದ ಒಂದೇ ಮುಖ ಕೋಚ್‌ದು. ಫೆಡರೇಷನ್ನಿಗೂ ಇದು ಅನುಕೂಲವೇ. 2024ರ ಜನವರಿಯ ಏಷ್ಯಾ ಕಪ್‌ನಲ್ಲಿ ಮೂರು ಪಂದ್ಯದಲ್ಲಿ ಒಂದೂ ಗೋಲಿಲ್ಲದೆ ಬಂದಾಗಿನಿಂದ ಮೂರು ಕೋಚ್‌ಗಳನ್ನು ಕಂಡೆವು. 2025ರ ಜುಲೈನಲ್ಲಿ 133 ಇದ್ದ ರ‍್ಯಾಂಕಿಂಗ್ ಢಾಕಾ ಸೋಲಿನ ಬಳಿಕ 142 ಆಯಿತು.

"ನಮ್ಮವ" ಎಂಬ ಅಭಿಮಾನವಾದರೂ ಎಷ್ಟು ಗಟ್ಟಿ? ಜಮೀಲ್ ನೇಮಕಕ್ಕೆ ನಾಲ್ಕು ವಾರ ಮುಂಚೆ, ಜುಲೈ 5ರಂದು, ಚಿಯಾಂಗ್ ಮಾಯ್‌ನಲ್ಲಿ ಭಾರತದ ಮಹಿಳಾ ತಂಡ ಥಾಯ್ಲೆಂಡನ್ನು 2-1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರವು. ಅರ್ಹತಾ ಪಂದ್ಯಗಳನ್ನು ಗೆದ್ದು ಮಹಿಳಾ ಏಷ್ಯಾ ಕಪ್‌ಗೆ ಹೋದದ್ದು ಅದೇ ಮೊದಲು. ಕೋಚ್ ಕ್ರಿಸ್ಪಿನ್ ಛೆಟ್ರಿ, ಭಾರತೀಯ. ಟೂರ್ನಿ ಹತ್ತಿರ ಬಂದಾಗ, 2026ರ ಆರಂಭದಲ್ಲಿ, ಅವರ ಮೇಲೆ ಕೋಸ್ಟರಿಕಾದ ಅಮೇಲಿಯಾ ವಾಲ್ವರ್ಡೆ ಅವರನ್ನು ಮುಖ್ಯ ಕೋಚ್ ಮಾಡಿದರು. ಅದಕ್ಕೆ ಸಮರ್ಥನೆಯೂ ಇರಬಹುದು, ವಾಲ್ವರ್ಡೆ ವಿಶ್ವಕಪ್ ಕಂಡ ಕೋಚ್. ಆದರೆ ಗೆದ್ದ ಭಾರತೀಯನ ಪರವಾಗಿ "ನಮ್ಮವನನ್ನು ಹಿಂದಕ್ಕೆ ಸರಿಸಿದರಲ್ಲ" ಎಂಬ ಕೂಗು ಬೆಳಗಾವಿಯಲ್ಲಿ ನನಗಂತೂ ಕೇಳಿಸಲಿಲ್ಲ.

ಜಮೀಲ್ ಒಪ್ಪಂದ ಎರಡು ವರ್ಷದ್ದು, ಬೇಕಾದರೆ ಇನ್ನೊಂದು ವರ್ಷ ಮುಂದುವರಿಸಬಹುದು. ಆ ಅವಧಿಯಲ್ಲಿ ಅವರನ್ನು ಅಳೆಯಬೇಕೆಂದರೆ ನಾನು ನೋಡುವುದು ಎರಡನ್ನು. ಮೊದಲನೆಯದು ಅವರ ಕೈಯಲ್ಲಿರುವುದು: ಮುನ್ನಡೆ ಸಿಕ್ಕಮೇಲೆ ತಂಡ ಪೂರ್ತಿ ಹಿಂದೆ ಸರಿದು ನಿಲ್ಲುವ ರೂಢಿ ತಪ್ಪುತ್ತದೆಯೇ? ಫಾತೋರ್ಡಾದಲ್ಲಿ ಒಂದು ಗೋಲು ಮುಂದಿದ್ದೂ ಸೋತದ್ದಕ್ಕೆ ಲೀಗ್ ಇಲ್ಲದ್ದು ಪೂರ್ತಿ ಕಾರಣವಲ್ಲ, ಅಲ್ಲಿ ಕೋಚ್‌ ಕೂಡ ಉತ್ತರ ಕೊಡಬೇಕು. ಎರಡನೆಯದು ಅವರ ಕೈಯಲ್ಲಿಲ್ಲ: ಈ ಮೊಟಕು ಲೀಗಿನಲ್ಲಿ ಗೋಲಿನ ಮುಂದೆ ನಿಲ್ಲುವ ಭಾರತೀಯ ಸ್ಟ್ರೈಕರ್‌ಗೆ ಎಷ್ಟು ನಿಮಿಷ ಸಿಕ್ಕವು. 14 ತಂಡ, ತಂಡಕ್ಕೆ 13 ಪಂದ್ಯ, ಒಂದು ಪಂದ್ಯಕ್ಕೆ 90 ನಿಮಿಷ. ಫಾತೋರ್ಡಾಕ್ಕೆ ಹೋಗುವ ಬೆಳಗಾವಿ ಹುಡುಗರು ಗೋವಾ ತಂಡದ ಮಟ್ಟಿಗಾದರೂ ಈ ಲೆಕ್ಕವನ್ನು ಪೆನ್ನು ಹಿಡಿದು ಬರೆಯಬಹುದು. ಅದರ ಮೊತ್ತ ನೋಡಿದ ಮೇಲೆ ಕೋಚ್ ಬಗ್ಗೆ ಜಗಳವಾಡೋಣ.